ಬೆಂಗಳೂರಿನಿಂದ ಟೋಕಿಯೊ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿ ನೋಡಿ

ಬೆಂಗಳೂರು–ಟೋಕಿಯೊ ನೇರ ವಿಮಾನದ ಟಿಕೆಟ್ ಕೈಗೆ ಬಂದಾಗ ಅದರಲ್ಲಿ ಹೆಚ್ಚು ಕಡಿಮೆ ಹೀಗೆ ಬರೆದಿರುತ್ತದೆ: ಹೋಗುವಾಗ ಬೆಳಗಿನ ಜಾವ 2:30ಕ್ಕೆ ಹೊರಟು ಮಧ್ಯಾಹ್ನ 2:10ಕ್ಕೆ ಇಳಿಯುವುದು. ಬರುವಾಗ ಸಂಜೆ 6:00ಕ್ಕೆ ಹೊರಟು ರಾತ್ರಿ 12:20ಕ್ಕೆ ಇಳಿಯುವುದು. ಸುಮ್ನೆ ಕಳೆದು ನೋಡಿದರೆ ಹೋಗಲು 11 ಗಂಟೆ 40 ನಿಮಿಷ, ಬರಲು 6 ಗಂಟೆ 20 ನಿಮಿಷ. ಬರುವ ದಾರಿ ಅರ್ಧದಷ್ಟು ಚಿಕ್ಕದು ಅನ್ನಿಸುತ್ತದೆ, ಅಲ್ವಾ?

ನಿಜ ಅದರ ತದ್ವಿರುದ್ಧ. ಹೋಗಲು ಹಿಡಿಯುವುದು 8 ಗಂಟೆ 10 ನಿಮಿಷ, ಬರಲು 9 ಗಂಟೆ 50 ನಿಮಿಷ. ಗಡಿಯಾರ ಒಂದು ಮಾತು ಹೇಳುತ್ತದೆ, ಆಕಾಶದ ಗಾಳಿ ಇನ್ನೊಂದು ಹೇಳುತ್ತದೆ. ಎರಡನ್ನೂ ಬಿಡಿಸಿ ನೋಡಲು ಬಂದರೆ ಪ್ರಪಂಚದ ಯಾವ ಎರಡು ಊರಿನ ನಡುವಿನ ಪ್ರಯಾಣವನ್ನಾದರೂ ನೀವೇ ಲೆಕ್ಕ ಹಾಕಬಹುದು. ಬೇಕಾಗುವುದು ಫೋನಿನ ಕ್ಯಾಲ್ಕುಲೇಟರ್ ಮತ್ತು ಪ್ರೌಢಶಾಲೆಯ ಗಣಿತ, ಅಷ್ಟೇ.

ಬೆಂಗಳೂರು–ಟೋಕಿಯೊ ದಾರಿಯನ್ನೇ ಆರಿಸಿಕೊಳ್ಳಲು ಕಾರಣ ಇದೆ. ಟೋಕಿಯೊದಲ್ಲಿ ಐಟಿ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡಿಗರಿದ್ದಾರೆ. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಬಂದಾಗಿನಿಂದ ಜಪಾನಿನವರೂ ಇಲ್ಲಿಗೆ ಬಂದು ಹೋಗುತ್ತಿದ್ದಾರೆ. ಜೊತೆಗೆ ಏಷ್ಯಾದ ಆಕಾಶದಲ್ಲಿ ಗಾಳಿಯ ಆಟ ಇಷ್ಟು ಚೆನ್ನಾಗಿ ಕಾಣುವ ದಾರಿಗಳು ಕಡಿಮೆ.

ಮೇಲೆ ಕೊಟ್ಟ ಸಮಯಗಳು ಲೆಕ್ಕಕ್ಕೆಂದು ಹಿಡಿದ ಮಾದರಿ. ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಆದ್ದರಿಂದ ನಿಮ್ಮ ಟಿಕೆಟ್ಟಿನ ಅಂಕಿಗಳನ್ನು ಹಾಕಿಕೊಂಡು ಓದಿ.

ಮೊದಲ ಹೆಜ್ಜೆ: ದೂರ

ದೂರ ಅಂದರೆ ಎಲ್ಲಿಂದ ಎಲ್ಲಿಗೆ? ಊರಿನಿಂದ ಊರಿಗೆ ಅಂದರೆ ಸಾಲದು, ನಿಲ್ದಾಣದಿಂದ ನಿಲ್ದಾಣಕ್ಕೆ ಹಿಡಿಯಬೇಕು. ಟೋಕಿಯೊಗೆ ಎರಡು ವಿಮಾನ ನಿಲ್ದಾಣಗಳಿವೆ. ಹನೆದಾ ಊರಿಗೆ ಅಂಟಿಕೊಂಡೇ ಇದೆ. ನರಿತಾ ಊರಿನ ಪೂರ್ವಕ್ಕೆ ಸುಮಾರು 60 ಕಿ.ಮೀ. ಆಚೆ, ಚಿಬಾ ಪ್ರಾಂತ್ಯದಲ್ಲಿದೆ. ಬೆಂಗಳೂರಿನ ನೇರ ವಿಮಾನ ಇಳಿಯುವುದು ನರಿತಾದಲ್ಲಿ. ಹಾಗಾಗಿ ನಮ್ಮ ಲೆಕ್ಕ ದೇವನಹಳ್ಳಿಯಿಂದ ನರಿತಾಕ್ಕೆ.

ಎರಡೂ ಜಾಗದ ಅಕ್ಷಾಂಶ ರೇಖಾಂಶ ಗೂಗಲ್ ಮ್ಯಾಪಿನಲ್ಲಿ ಸಿಗುತ್ತವೆ. ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಅಂಕಿಗಳು ಕಾಣಿಸುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ.

ಕೆಂಪೇಗೌಡ ನಿಲ್ದಾಣ: 13.20 ಉತ್ತರ, 77.71 ಪೂರ್ವ.
ನರಿತಾ: 35.76 ಉತ್ತರ, 140.39 ಪೂರ್ವ.

ರೇಖಾಂಶಗಳ ವ್ಯತ್ಯಾಸ 62.68 ಡಿಗ್ರಿ.

ಈಗ ಕ್ಯಾಲ್ಕುಲೇಟರ್ ತೆಗೆದು ಫೋನನ್ನು ಅಡ್ಡ ತಿರುಗಿಸಿ. ಸೈನ್, ಕಾಸ್ ಬಟನ್‌ಗಳು ಬರುತ್ತವೆ. ಒಂದು ಎಚ್ಚರಿಕೆ: ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡಿಕೊಳ್ಳಿ. ಸೈನ್ 30 ಒತ್ತಿ. 0.5 ಬಂದರೆ ಸರಿ. ಬೇರೇನಾದರೂ ಬಂದರೆ ಡಿಗ್ರಿಗೆ ಬದಲಿಸಿ ಮುಂದುವರಿಯಿರಿ. ಇಲ್ಲದಿದ್ದರೆ ಇಡೀ ಲೆಕ್ಕ ಹಾಳು.

ಮೊದಲು ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ: ಸೈನ್ 13.20 × ಸೈನ್ 35.76. ಇದು 0.1334.

ಆಮೇಲೆ ಎರಡೂ ಅಕ್ಷಾಂಶಗಳ ಕಾಸ್ ಮತ್ತು ರೇಖಾಂಶ ವ್ಯತ್ಯಾಸದ ಕಾಸ್, ಮೂರನ್ನೂ ಗುಣಿಸಿ: ಕಾಸ್ 13.20 × ಕಾಸ್ 35.76 × ಕಾಸ್ 62.68. ಇದು 0.3626.

ಎರಡನ್ನೂ ಕೂಡಿದರೆ 0.4960. ಇದರ ಕಾಸ್ ಇನ್ವರ್ಸ್ (cos⁻¹) ಒತ್ತಿದರೆ 60.26 ಡಿಗ್ರಿ ಬರುತ್ತದೆ. ಭೂಮಿಯ ಒಳಗೆ, ನಟ್ಟ ನಡುವೆ ನಿಂತು ನೋಡಿದರೆ ದೇವನಹಳ್ಳಿಗೂ ನರಿತಾಕ್ಕೂ ನಡುವೆ ಕಾಣುವ ಕೋನ ಅದು. ನೆಲದ ಮೇಲೆ ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ. 60.26ನ್ನು 111.2ರಿಂದ ಗುಣಿಸಿ. ಬಂತು ನೋಡಿ, 6,700 ಕಿ.ಮೀ.

ಭೂಮಿ ಪೂರ್ತಿ ಗೋಳವಲ್ಲ, ಧ್ರುವಗಳ ಕಡೆ ಚೂರು ಚಪ್ಪಟೆ. ಅದರಿಂದ ಬರುವ ವ್ಯತ್ಯಾಸ ಹೆಚ್ಚೆಂದರೆ ನೂರಕ್ಕೆ ಅರ್ಧದಷ್ಟು. ನಮ್ಮ ಕೆಲಸಕ್ಕೆ ಅದನ್ನು ಬಿಟ್ಟುಬಿಡಬಹುದು. ಇಂಟರ್ನೆಟ್ಟಿನಲ್ಲಿ ಎರಡು ತಾಣಗಳು ಹತ್ತಿಪ್ಪತ್ತು ಕಿ.ಮೀ. ಬೇರೆ ಬೇರೆ ತೋರಿಸಿದರೆ ಸಾಮಾನ್ಯವಾಗಿ ಕಾರಣ ಇದೇ ಇರುತ್ತದೆ. ಇಲ್ಲವೇ ಒಬ್ಬರು ನಿಲ್ದಾಣದಿಂದ ಅಳೆದಿರುತ್ತಾರೆ, ಇನ್ನೊಬ್ಬರು ಊರಿನ ನಡುವಿನಿಂದ.

ಮೈಲಿಯಲ್ಲಿ ಬರೆದಿದ್ದರೆ ಯಾವ ಮೈಲಿ ಅಂತ ನೋಡಿ. ಸಾಮಾನ್ಯ ಮೈಲಿಯಲ್ಲಿ ಇದು ಸುಮಾರು 4,160. ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ ಸುಮಾರು 3,620. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಅದಕ್ಕೇ ಪೈಲಟ್‌ಗಳಿಗೂ ನಾವಿಕರಿಗೂ ಆ ಅಳತೆ ಇಷ್ಟ.

ಗಣಿತ ಬೇಡ ಅನ್ನುವವರು ಮಕ್ಕಳ ಗ್ಲೋಬ್ ತೆಗೆದುಕೊಳ್ಳಿ. 30 ಸೆಂ.ಮೀ. ಅಡ್ಡಳತೆಯ ಗ್ಲೋಬ್ ಆದರೆ ಅದರ ಮೇಲಿನ 1 ಸೆಂ.ಮೀ. ಅಂದರೆ ಹೆಚ್ಚು ಕಡಿಮೆ 425 ಕಿ.ಮೀ. ಹೊಲಿಗೆ ದಾರದ ಒಂದು ತುದಿ ಬೆಂಗಳೂರಿನ ಮೇಲಿಟ್ಟು, ಇನ್ನೊಂದನ್ನು ಟೋಕಿಯೊವರೆಗೆ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ತಾನಾಗಿಯೇ ಸರಿದು ಅತಿ ಹತ್ತಿರದ ದಾರಿಯಲ್ಲಿ ಕೂರುತ್ತದೆ. ಸ್ಕೇಲಿನಲ್ಲಿ ಅಳೆದರೆ 16 ಸೆಂ.ಮೀ.ಗೆ ಸ್ವಲ್ಪ ಕಡಿಮೆ ಬರಬೇಕು.

ದಾರ ಎಲ್ಲೆಲ್ಲಿ ಹಾದುಹೋಗಿದೆ ಅಂತ ಬಗ್ಗಿ ನೋಡಿ. ಬೆಂಗಳೂರಿನಿಂದ ಈಶಾನ್ಯಕ್ಕೆ ಹೊರಟು ನೆಲ್ಲೂರಿನ ಹತ್ತಿರ ಕರಾವಳಿ ಬಿಡುತ್ತದೆ. ಬಂಗಾಳ ಕೊಲ್ಲಿ ದಾಟಿ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಬಳಿ ಮತ್ತೆ ನೆಲ ಸಿಗುತ್ತದೆ. ಅಲ್ಲಿಂದ ಮ್ಯಾನ್ಮಾರಿನ ಉತ್ತರ ಭಾಗ, ಚೀನಾದ ಯುನ್ನಾನ್, ಕುನ್ಮಿಂಗ್‌ಗೆ ಉತ್ತರದಲ್ಲಿ ಹಾದು, ಶಾಂಘೈಗೆ ಸ್ವಲ್ಪ ಮೇಲೆ ಮತ್ತೆ ಸಮುದ್ರ. ಕೊರಿಯಾಕ್ಕೂ ಜಪಾನಿನ ಕ್ಯೂಶು ದ್ವೀಪಕ್ಕೂ ನಡುವಿನ ಜಲಸಂಧಿ ದಾಟಿದರೆ ಹೊನ್ಶು, ಅದರ ಪೂರ್ವ ಕರಾವಳಿಯ ಹತ್ತಿರ ನರಿತಾ. ಈ ದಾರಿಯನ್ನು ನೆನಪಿಟ್ಟುಕೊಳ್ಳಿ, ಗಾಳಿಯ ಲೆಕ್ಕಕ್ಕೆ ಬೇಕಾಗುತ್ತದೆ.

ಗೋಡೆಯ ಭೂಪಟದ ಮೇಲೆ ಸ್ಕೇಲಿಟ್ಟು ಎಳೆದ ನೇರ ಗೆರೆ ಈ ದಾರಿಯಲ್ಲ, ಅದು ಇನ್ನೂ ದಕ್ಷಿಣದಲ್ಲಿ ಹೋಗುತ್ತದೆ. ಆದರೆ ಬೆಂಗಳೂರು ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಇಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಬರೀ 65–70 ಕಿ.ಮೀ. ಉತ್ತರದ ಊರುಗಳ ನಡುವೆ ಇದೇ ವ್ಯತ್ಯಾಸ ಬಹಳ ದೊಡ್ಡದಾಗುತ್ತದೆ.

ಎರಡನೆಯ ಹೆಜ್ಜೆ: ವಿಮಾನ ನಿಜಕ್ಕೂ ಹಾರುವ ದೂರ

6,700 ಅನ್ನುವುದು ದಾರದ ಲೆಕ್ಕ. ವಿಮಾನ ದಾರದ ಮೇಲೆ ಹೋಗುವುದಿಲ್ಲ. ರನ್‌ವೇ ಯಾವ ದಿಕ್ಕಿಗಿದೆಯೋ ಆ ಕಡೆ ಏರಿ ತಿರುಗಬೇಕು. ಚೀನಾದ ಆಕಾಶದಲ್ಲಿ ಗೊತ್ತು ಮಾಡಿದ ವಾಯುಮಾರ್ಗಗಳಲ್ಲೇ ಹೋಗಬೇಕು. ಸೇನೆಗೆಂದು ಮೀಸಲಿಟ್ಟ ಜಾಗಗಳನ್ನು ಸುತ್ತಬೇಕು. ಬಂಗಾಳ ಕೊಲ್ಲಿಯಲ್ಲಿ ಗುಡುಗು ಮೋಡಗಳಿದ್ದರೆ ಪಕ್ಕಕ್ಕೆ ಸರಿಯಬೇಕು. ಟೋಕಿಯೊ ಹತ್ತಿರ ಬಂದಾಗ ಸಾಲಿನಲ್ಲಿ ಇಳಿಯಬೇಕು. ಇದಕ್ಕೆಲ್ಲ ನೂರಕ್ಕೆ ಮೂರು ಪಾಲು ಸೇರಿಸಿ. ನಾವು 6,900 ಅಂತ ಇಟ್ಟುಕೊಳ್ಳೋಣ.

ಒಂದು ದಿನದ ಹಾರಾಟ ನಿಜಕ್ಕೂ ಯಾವ ದಾರಿಯಲ್ಲಿ ಹೋಯಿತು ಅಂತ ನೋಡಬೇಕಿದ್ದರೆ ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24 ತಾಣ ತೆರೆದು ವಿಮಾನದ ನಂಬರ್ ಹಾಕಿ. ಕಳೆದ ಕೆಲವು ದಿನಗಳ ಹಾರಾಟಗಳು ಸಾಲಾಗಿ ಬರುತ್ತವೆ. ಹೋಗುವ ಮತ್ತು ಬರುವ ದಾರಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಎರಡೂ ಒಂದೇ ಇರಬೇಕೆಂದಿಲ್ಲ. ದಿನದಿನಕ್ಕೂ ಬದಲಾಗಬಹುದು. ಪ್ರತಿ ಹಾರಾಟಕ್ಕೂ ಮೊದಲು ಆ ಹೊತ್ತಿನ ಗಾಳಿಯ ಮುನ್ಸೂಚನೆ ನೋಡಿ ದಾರಿ ಗೊತ್ತು ಮಾಡುವವರು ಇರುತ್ತಾರೆ. ಕಿ.ಮೀ. ಜಾಸ್ತಿಯಾದರೂ ಎದುರುಗಾಳಿ ಕಡಿಮೆ ಇರುವ ದಾರಿಯೇ ಬೇಗ ಮುಟ್ಟಿಸುವುದುಂಟು.

ಮೂರನೆಯ ಹೆಜ್ಜೆ: ವೇಗ, ಗಾಳಿ ಇಲ್ಲದಿದ್ದರೆ

ಈ ದಾರಿಯಲ್ಲಿ ಓಡಾಡುವ ಬೋಯಿಂಗ್ 787 ವಿಮಾನ ಮೇಲೇರಿದ ಮೇಲೆ ಶಬ್ದದ ವೇಗದ ನೂರಕ್ಕೆ 85 ಪಾಲಿನಲ್ಲಿ ಹಾರುತ್ತದೆ. 11 ಕಿ.ಮೀ. ಎತ್ತರದ ಚಳಿಯಲ್ಲಿ ಶಬ್ದದ ವೇಗವೇ ಕಡಿಮೆ, ಗಂಟೆಗೆ ಸುಮಾರು 1,060 ಕಿ.ಮೀ. ಅದರ 85 ಪಾಲು ಅಂದರೆ ಗಂಟೆಗೆ 900 ಕಿ.ಮೀ. ನೆನಪಿಟ್ಟುಕೊಳ್ಳಲು ಒಳ್ಳೆಯ ಅಂಕಿ.

6,900ನ್ನು 900ರಿಂದ ಭಾಗಿಸಿದರೆ 7 ಗಂಟೆ 40 ನಿಮಿಷ. ಇದಕ್ಕೆ ಇನ್ನೊಂದು 40 ನಿಮಿಷ ಸೇರಿಸಬೇಕು. ಗೇಟಿನಿಂದ ಹಿಂದೆ ಸರಿದು ರನ್‌ವೇವರೆಗೆ ಹೋಗುವುದು, ನಿಧಾನವಾಗಿ ಏರುವುದು, ನಿಧಾನವಾಗಿ ಇಳಿಯುವುದು, ಮತ್ತೆ ಗೇಟಿನವರೆಗೆ ಉರುಳುವುದು, ಇವೆಲ್ಲ ಅದರಲ್ಲಿ ಬಂತು. ಒಟ್ಟು 8 ಗಂಟೆ 20 ನಿಮಿಷ.

ಈ 40 ನಿಮಿಷವನ್ನು ಬಹಳ ಜನ ಮರೆಯುತ್ತಾರೆ. ಟಿಕೆಟ್ಟಿನಲ್ಲಿ ಇರುವುದು ಬರೀ ಹಾರಾಟದ ಹೊತ್ತಲ್ಲ. ಚಕ್ರದಡಿಯ ತಡೆ ತೆಗೆದಾಗಿನಿಂದ ಮತ್ತೆ ತಡೆ ಹಾಕುವವರೆಗಿನ ಹೊತ್ತು. ಅದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ಕ್ಯಾಪ್ಟನ್ ಮೈಕಿನಲ್ಲಿ "ಹಾರಾಟದ ಸಮಯ ಏಳೂವರೆ ಗಂಟೆ" ಅಂದಾಗ ಟಿಕೆಟ್ಟಿನ ಎಂಟು ಗಂಟೆ ಚಿಲ್ಲರೆ ತಪ್ಪು ಅಂದುಕೊಳ್ಳಬೇಡಿ. ಎರಡೂ ಸರಿ, ಅಳೆದಿರುವುದು ಬೇರೆ ಬೇರೆ.

ನಾಲ್ಕನೆಯ ಹೆಜ್ಜೆ: ಗಾಳಿ

ಇಡೀ ವಿಷಯದ ಜೀವಾಳ ಇಲ್ಲಿದೆ.

1920ರ ದಶಕದಲ್ಲಿ ಜಪಾನಿನ ವಾಸಾಬುರೊ ಓಇಶಿ ಎಂಬ ಹವಾಮಾನ ವಿಜ್ಞಾನಿ, ಇಂದಿನ ತ್ಸುಕುಬಾ ನಗರದಲ್ಲಿರುವ ತಾತೆನೊ ವೀಕ್ಷಣಾಲಯದಿಂದ ಆಕಾಶಕ್ಕೆ ಬಲೂನುಗಳನ್ನು ಬಿಟ್ಟು, ಅವು ಎತ್ತ ಹೋಗುತ್ತವೆ ಅಂತ ದೂರದರ್ಶಕದಲ್ಲಿ ಹಿಂಬಾಲಿಸಿದರು. ಮೇಲೆ ಹೋದ ಬಲೂನು ಪೂರ್ವಕ್ಕೆ ಅಷ್ಟು ಜೋರಾಗಿ ಕೊಚ್ಚಿಹೋಗುತ್ತಿತ್ತು. ಅವರು ಅಳೆದದ್ದು ಇಂದು ನಾವು ಜೆಟ್ ಸ್ಟ್ರೀಮ್ ಅನ್ನುವ ಗಾಳಿಯನ್ನು. 1926ರಲ್ಲಿ ಅದರ ವರದಿಯನ್ನು, ಎಲ್ಲ ದೇಶದವರಿಗೂ ಒಂದೇ ಭಾಷೆ ಇರಲಿ ಅಂತ ಕಟ್ಟಿದ ಎಸ್ಪೆರಾಂಟೊದಲ್ಲಿ ಪ್ರಕಟಿಸಿದರು, ಲೋಕದವರೆಲ್ಲ ಓದಲಿ ಅಂತ. ಹೊರಗಿನವರು ಹೆಚ್ಚು ಗಮನಿಸಲಿಲ್ಲ. 1944ರಲ್ಲಿ ಜಪಾನಿನ ಮೇಲೆ ಬಂದ ಅಮೆರಿಕದ ಬಿ–29 ಬಾಂಬರ್ ವಿಮಾನಗಳು ಅದೇ ಗಾಳಿಗೆ ಸಿಕ್ಕಾಗ ಅದರ ಬಲ ಏನೆಂದು ಅವರಿಗೂ ತಿಳಿಯಿತು. ಅಷ್ಟು ಮೊದಲೇ ಅಷ್ಟು ಸರಿಯಾಗಿ ಅಳೆದ ಓಇಶಿಯವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ಈ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ, 9ರಿಂದ 12 ಕಿ.ಮೀ. ಎತ್ತರದಲ್ಲಿ ಬೀಸುತ್ತದೆ. ಪ್ರಯಾಣಿಕರ ವಿಮಾನಗಳು ಹಾರುವುದೂ ಅದೇ ಎತ್ತರದಲ್ಲಿ. ದಕ್ಷಿಣದ ಬಿಸಿ ಗಾಳಿಗೂ ಉತ್ತರದ ತಂಪು ಗಾಳಿಗೂ ಇರುವ ವ್ಯತ್ಯಾಸ, ಜೊತೆಗೆ ಭೂಮಿಯ ತಿರುಗುವಿಕೆ, ಇವೇ ಅದಕ್ಕೆ ಕಾರಣ. ಚಳಿಗಾಲದಲ್ಲಿ ಸೈಬೀರಿಯಾ ಕಡೆ ಭಯಂಕರ ಚಳಿ, ಆದ್ದರಿಂದ ವ್ಯತ್ಯಾಸವೂ ಹೆಚ್ಚು, ಗಾಳಿಯ ಬಿರುಸೂ ಹೆಚ್ಚು. ಟಿಬೆಟ್ ಪ್ರಸ್ಥಭೂಮಿಗೆ ಬಡಿದು ಉತ್ತರ ದಕ್ಷಿಣವಾಗಿ ಕವಲೊಡೆದ ಗಾಳಿ ಪೂರ್ವ ಏಷ್ಯಾದಲ್ಲಿ ಮತ್ತೆ ಒಂದಾಗುತ್ತದೆ. ಜಪಾನಿನ ಮೇಲೆ ಚಳಿಗಾಲದಲ್ಲಿ ಅದು ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು, ಕೆಲವೊಮ್ಮೆ 300 ಕೂಡ ದಾಟುತ್ತದೆ.

ಈಗ ಆ ದಾರದ ದಾರಿಯನ್ನು ನೆನಪಿಸಿಕೊಳ್ಳಿ. ಚಳಿಗಾಲದಲ್ಲಿ ಹಿಮಾಲಯದ ದಕ್ಷಿಣದ ಕವಲು ಉತ್ತರ ಭಾರತದ ಮೇಲೆ ಹಾದು, ಮ್ಯಾನ್ಮಾರಿನ ಉತ್ತರ ಭಾಗ ಮತ್ತು ದಕ್ಷಿಣ ಚೀನಾದ ಮೇಲೆ ಹೋಗಿ ಜಪಾನ್ ಸೇರುತ್ತದೆ. ನಮ್ಮ ವಿಮಾನದ ದಾರಿಯೂ ಹೆಚ್ಚು ಕಡಿಮೆ ಅದೇ! ಹೋಗುವಾಗ ಹೊಳೆಯ ಸೆಳೆತಕ್ಕೆ ಬಿಟ್ಟ ಹರಿಗೋಲು, ಬರುವಾಗ ಅದೇ ಸೆಳೆತಕ್ಕೆ ಎದುರಾಗಿ ಹುಟ್ಟು ಹಾಕಬೇಕು.

ಬೇಸಿಗೆಯಲ್ಲಿ ಈ ಗಾಳಿ ಸೊರಗಿ ಉತ್ತರಕ್ಕೆ ಸರಿಯುತ್ತದೆ. ಆಗ ಎರಡೂ ಕಡೆಯ ಹೊತ್ತು ಹತ್ತಿರ ಹತ್ತಿರ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಇನ್ನೊಂದು ಗಾಳಿ ಇದೆ. ದಕ್ಷಿಣ ಭಾರತದ ಮೇಲೆ, ಬಹಳ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಗಾಳಿ. 1950ರ ದಶಕದಲ್ಲಿ ಇದನ್ನು ಗುರುತಿಸಿ ವಿವರಿಸಿದವರು ನಮ್ಮ ದೇಶದವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಅದರ ಬಿರುಸು ಹೆಚ್ಚಿರುವುದು ವಿಮಾನಗಳು ಹಾರುವುದಕ್ಕಿಂತ ಮೇಲೆ, ಆದರೂ ಮಳೆಗಾಲದಲ್ಲಿ ಬೆಂಗಳೂರು ಬಿಟ್ಟು ಪೂರ್ವಕ್ಕೆ ಹೊರಟ ವಿಮಾನಕ್ಕೆ ಮೊದಲ ಒಂದೆರಡು ಗಂಟೆ ಸ್ವಲ್ಪ ಎದುರುಗಾಳಿ ಸಿಗಬಹುದು.

ಲೆಕ್ಕಕ್ಕೆ ಬರೋಣ. ಇಡೀ ದಾರಿಗೆ ಸರಾಸರಿ ಗಂಟೆಗೆ 80 ಕಿ.ಮೀ. ಗಾಳಿ ಅಂತ ಹಿಡಿಯಿರಿ.

ಹೋಗುವಾಗ ವೇಗ 900 + 80 = 980. 6,900ಕ್ಕೆ 7 ಗಂಟೆ 2 ನಿಮಿಷ, 40 ಸೇರಿಸಿದರೆ 7 ಗಂಟೆ 42 ನಿಮಿಷ.

ಬರುವಾಗ ವೇಗ 900 − 80 = 820. 6,900ಕ್ಕೆ 8 ಗಂಟೆ 25 ನಿಮಿಷ, 40 ಸೇರಿಸಿದರೆ 9 ಗಂಟೆ 5 ನಿಮಿಷ.

ಟಿಕೆಟ್ಟಿನಲ್ಲಿ 8:10 ಮತ್ತು 9:50 ಇದೆಯಲ್ಲ, ನಮ್ಮ ಲೆಕ್ಕಕ್ಕಿಂತ ಅರ್ಧ, ಮುಕ್ಕಾಲು ಗಂಟೆ ಜಾಸ್ತಿ? ಹೌದು. ವಿಮಾನ ಸಂಸ್ಥೆಗಳು ವೇಳಾಪಟ್ಟಿಯಲ್ಲಿ ಸ್ವಲ್ಪ ಸಡಿಲ ಬಿಟ್ಟಿರುತ್ತವೆ. ಗಾಳಿ ದಿನಾ ಒಂದೇ ರೀತಿ ಇರುವುದಿಲ್ಲ, ರನ್‌ವೇ ಸಾಲು ಉದ್ದವಾಗಬಹುದು. ಕೆಟ್ಟ ದಿನಕ್ಕೂ ಹೊಂದಬೇಕು ಅಂತ ಆ ಸಡಿಲ. ಎದುರುಗಾಳಿಯ ದಿಕ್ಕಿನಲ್ಲಿ ಗಾಳಿ ತಪ್ಪಿಸಲು ಸುತ್ತು ಹಾಕುವುದೂ ಉಂಟು. ಆ ಸಡಿಲ ಇರುವುದರಿಂದಲೇ ಅನೇಕ ಸಲ ವಿಮಾನ ತಡವಾಗಿ ಹೊರಟರೂ ಸರಿಯಾದ ಹೊತ್ತಿಗೆ ಇಳಿಯುತ್ತದೆ.

ಹೋಗುವಾಗ ಗಳಿಸಿದ್ದು ಬರುವಾಗ ಕಳೆದಿದ್ದಕ್ಕೆ ಸರಿಯಾಯಿತು ಅಂತ ಕೆಲವರು ಹೇಳುತ್ತಾರೆ. ಹಾಗಾಗುವುದಿಲ್ಲ. ಗಾಳಿ ಇಲ್ಲದಿದ್ದರೆ ಎರಡೂ ಕಡೆ ಸೇರಿ ಹಾರಾಟ 15 ಗಂಟೆ 20 ನಿಮಿಷ. 80 ಕಿ.ಮೀ. ಗಾಳಿ ಇದ್ದರೆ 15 ಗಂಟೆ 27 ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ಹಾಗಾಗಿ ನಷ್ಟ ಯಾವಾಗಲೂ ಒಂದು ಕೈ ಮೇಲೆ.

ಇದನ್ನು ಕಣ್ಣಾರೆ ನೋಡಬಹುದು. ಸೀಟಿನ ಮುಂದಿನ ಪರದೆಯಲ್ಲಿ ನಕ್ಷೆ ತೆರೆದರೆ "ಗ್ರೌಂಡ್ ಸ್ಪೀಡ್" ಅಂತ ಒಂದು ಅಂಕಿ ಬರುತ್ತದೆ. ನೆಲಕ್ಕೆ ಹೋಲಿಸಿದರೆ ವಿಮಾನ ಎಷ್ಟು ವೇಗವಾಗಿ ಹೋಗುತ್ತಿದೆ ಅನ್ನುವುದು ಅದು. ಅದರಲ್ಲಿ 900 ಕಳೆಯಿರಿ. ಉಳಿದದ್ದು ಆ ಕ್ಷಣದ ಗಾಳಿ. ಜನವರಿಯಲ್ಲಿ ಜಪಾನಿನ ಕಡೆ ಹೋಗುವಾಗ ಕೊನೆಯ ಎರಡು ಗಂಟೆ ಅದನ್ನೇ ನೋಡುತ್ತಿರಿ. 1,000 ದಾಟಿ 1,100ರ ಆಸುಪಾಸಿಗೆ ಹೋಗಬಹುದು. ಅದೇ ತಿಂಗಳು ಬರುವಾಗ, ನರಿತಾ ಬಿಟ್ಟ ಮೊದಲ ಎರಡು ಗಂಟೆ, 700ರ ಹತ್ತಿರ ತೆವಳುತ್ತಿರುತ್ತದೆ. ಎಂಜಿನ್ ಕೆಲಸ ಎರಡೂ ದಿನ ಒಂದೇ. ಮಕ್ಕಳು ಜೊತೆಗಿದ್ದರೆ ಇದನ್ನು ಖಂಡಿತ ತೋರಿಸಿ.

ಐದನೆಯ ಹೆಜ್ಜೆ: ಗಡಿಯಾರ

ಭಾರತದ ಸಮಯ ಗ್ರೀನಿಚ್‌ಗಿಂತ 5:30 ಮುಂದೆ, ಜಪಾನಿನದು 9:00 ಮುಂದೆ. ವ್ಯತ್ಯಾಸ 3 ಗಂಟೆ 30 ನಿಮಿಷ, ಜಪಾನ್ ಮುಂದೆ. ಎರಡೂ ದೇಶಗಳಲ್ಲಿ ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ಹಾಗಾಗಿ ವರ್ಷವಿಡೀ ಇದೇ ಲೆಕ್ಕ.

ತಪ್ಪದ ವಿಧಾನ ಒಂದೇ: ಮೊದಲು ಎಲ್ಲವನ್ನೂ ಒಂದೇ ದೇಶದ ಸಮಯಕ್ಕೆ ತನ್ನಿ. ಆಮೇಲೆ ಕೂಡಿ, ಕಳೆಯಿರಿ.

ಹೋಗುವಾಗ: ಹೊರಡುವುದು 2:30, ಭಾರತದ ಸಮಯ. ಇಳಿಯುವುದು ಜಪಾನಿನ 14:10, ಅಂದರೆ ಭಾರತದ 10:40. ವ್ಯತ್ಯಾಸ 8:10.

ಬರುವಾಗ: ಹೊರಡುವುದು ಜಪಾನಿನ 18:00, ಅಂದರೆ ಭಾರತದ 14:30. ಇಳಿಯುವುದು ಭಾರತದ 24:20. ವ್ಯತ್ಯಾಸ 9:50.

ಒಂದು ಸುಲಭದ ಉಪಾಯ ಹೇಳುತ್ತೇನೆ. ಎರಡು ಊರಿನ ಸಮಯದ ವ್ಯತ್ಯಾಸ ಎಷ್ಟು ಅಂತ ಗೊತ್ತಿಲ್ಲದಿದ್ದರೂ ಪ್ರಯಾಣದ ಸರಾಸರಿ ಹೊತ್ತು ಕಂಡುಹಿಡಿಯಬಹುದು. ಟಿಕೆಟ್ಟಿನಲ್ಲಿ ಸುಮ್ನೆ ಕಳೆದಾಗ ಬಂದ ಎರಡು ಅಂಕಿಗಳನ್ನು ಕೂಡಿ: 11:40 + 6:20 = 18:00. ಅರ್ಧ ಮಾಡಿ: 9 ಗಂಟೆ. ಅದೇ ಸರಾಸರಿ. 8:10 ಮತ್ತು 9:50ರ ನಡುವಿನ ಅಂಕಿಯೂ 9 ಗಂಟೆಯೇ. ಒಂದು ಕಡೆ ಕೂಡಿಕೊಂಡ ಮೂರೂವರೆ ಗಂಟೆ ಇನ್ನೊಂದು ಕಡೆ ಕಳೆದುಹೋಗುತ್ತದೆ. ಯಾವ ಎರಡು ಊರಿಗಾದರೂ ಇದು ನಡೆಯುತ್ತದೆ, ನೇರ ವಿಮಾನ ಆಗಿರಬೇಕು ಅಷ್ಟೇ.

ತಾರೀಖಿನ ವಿಷಯದಲ್ಲಿ ಮಾತ್ರ ಬಹಳ ಹುಷಾರಾಗಿರಿ. ಟಿಕೆಟ್ಟಿನಲ್ಲಿ "15 ಜನವರಿ, 02:30" ಅಂತಿದ್ದರೆ ನೀವು ಮನೆ ಬಿಡಬೇಕಾದದ್ದು 14ರ ರಾತ್ರಿ. 15ರ ರಾತ್ರಿ ಚೀಲ ಕಟ್ಟಿಕೊಂಡು ಹೊರಟರೆ ವಿಮಾನ ಆಗಲೇ ಹೋಗಿ ಹೆಚ್ಚು ಕಡಿಮೆ ಒಂದು ದಿನ ಆಗಿರುತ್ತದೆ. ಟಿಕೆಟ್ ಬಂದ ಕೂಡಲೇ ಫೋನಿನ ಕ್ಯಾಲೆಂಡರಿನಲ್ಲಿ 14ರ ಮೇಲೆ "ಇವತ್ತು ರಾತ್ರಿ ಹೊರಡುವುದು" ಅಂತ ಬರೆದಿಡಿ. ರಜೆ ಹಾಕುವಾಗಲೂ ಇದೇ ಲೆಕ್ಕ.

ನೇರ ವಿಮಾನ ಸಿಗದಿದ್ದರೆ

ನೇರ ವಿಮಾನದ ದರ ಕೈಗೆಟುಕದಿದ್ದರೆ ಒಂದು ಕಡೆ ಇಳಿದು ಹತ್ತಬೇಕು. ಎಲ್ಲಿ ಇಳಿಯುವುದು? ಮೊದಲ ಹೆಜ್ಜೆಯ ಲೆಕ್ಕವನ್ನೇ ಎರಡೆರಡು ಸಲ ಮಾಡಿದರೆ ಉತ್ತರ ಸಿಗುತ್ತದೆ.

ಹಾಂಗ್‌ಕಾಂಗ್ ಮೂಲಕ: 3,955 + 2,960, ಒಟ್ಟು ಸುಮಾರು 6,920 ಕಿ.ಮೀ. ನೇರ ದಾರಿಗಿಂತ ಬರೀ 220 ಜಾಸ್ತಿ.
ಬ್ಯಾಂಕಾಕ್ ಮೂಲಕ: 2,490 + 4,650, ಸುಮಾರು 7,140.
ದೆಹಲಿ ಮೂಲಕ: 1,710 + 5,910, ಸುಮಾರು 7,620.
ಸಿಂಗಪುರ ಮೂಲಕ: 3,180 + 5,360, ಸುಮಾರು 8,540. ನೇರಕ್ಕಿಂತ 1,840 ಕಿ.ಮೀ. ಜಾಸ್ತಿ, ಅಂದರೆ ಎರಡು ಗಂಟೆಯ ಹಾರಾಟ.

ಹಾಂಗ್‌ಕಾಂಗ್ ದಾರಿಯಲ್ಲೇ ಇದ್ದಂತೆ. ಸಿಂಗಪುರ ದಕ್ಷಿಣಕ್ಕೆ ಹೋಗಿ ಮತ್ತೆ ಉತ್ತರಕ್ಕೆ ಬಂದಂತೆ. ದೆಹಲಿ ಹತ್ತಿರದ ಊರು ಅನ್ನಿಸಿದರೂ ಟೋಕಿಯೊ ಲೆಕ್ಕದಲ್ಲಿ ಬ್ಯಾಂಕಾಕ್‌ಗಿಂತ ಸುತ್ತು. ಹೀಗಿದ್ದರೂ ದೂರ ಒಂದನ್ನೇ ನೋಡಿ ಆರಿಸಬೇಡಿ. ನಡುವೆ ಇಳಿದರೆ ಏರುವ ಇಳಿಯುವ 40 ನಿಮಿಷ ಇನ್ನೊಮ್ಮೆ ಸೇರುತ್ತದೆ. ಮುಂದಿನ ವಿಮಾನಕ್ಕೆ ಕಾಯುವ ಹೊತ್ತು ಎಲ್ಲಕ್ಕಿಂತ ದೊಡ್ಡದು. ಎರಡು ಗಂಟೆ ಕಾಯುವ ಸಿಂಗಪುರ, ಏಳು ಗಂಟೆ ಕಾಯುವ ಹಾಂಗ್‌ಕಾಂಗ್‌ಗಿಂತ ಎಷ್ಟೋ ವಾಸಿ.

ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿರಲಿ. ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಕೇಳುವವರು ಇರುವುದಿಲ್ಲ. ನೀವು ಇಳಿಯುವುದು ನರಿತಾವೋ ಹನೆದಾವೋ ಅಂತಲೂ ನೋಡಿಕೊಳ್ಳಿ. ವಿಮಾನಕ್ಕೆ ಎರಡರ ನಡುವಿನ ವ್ಯತ್ಯಾಸ ಏನೂ ಅಲ್ಲ. ಇಳಿದ ಮೇಲೆ ನಿಮಗೆ ಒಂದು ಗಂಟೆಯ ವ್ಯತ್ಯಾಸ ಆಗಬಹುದು.

ಮನೆಯಿಂದ ಮನೆಗೆ

ವಿಮಾನದ ಹೊತ್ತು ಪೂರ್ತಿ ಪ್ರಯಾಣದ ಅರ್ಧ ಮಾತ್ರ. ಜಯನಗರದಿಂದ ಹೊರಟವರನ್ನು ಹಿಡಿಯೋಣ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. 2023ರ ಸೆಪ್ಟೆಂಬರಿನಿಂದ ವಿದೇಶದ ವಿಮಾನಗಳು ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತಿವೆ, ಕ್ಯಾಬಿನವರಿಗೆ ಮೊದಲೇ ಹೇಳಿ. ರಾತ್ರಿ 9:30ಕ್ಕೆ ಮನೆ ಬಿಟ್ಟರೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡರೂ ಎದೆ ಹೊಡೆದುಕೊಳ್ಳಬೇಕಿಲ್ಲ. ವಾಯು ವಜ್ರ ಬಸ್ಸೂ ಇದೆ. ಮನೆ ಬಿಟ್ಟಾಗಿನಿಂದ ವಿಮಾನ ಹೊರಡುವವರೆಗೆ 5 ಗಂಟೆ. ವಿಮಾನ 8:10. ನರಿತಾದಲ್ಲಿ ಇಮಿಗ್ರೇಷನ್, ಲಗೇಜು, ಕಸ್ಟಮ್ಸ್ ಮುಗಿಯಲು ಒಂದೂಕಾಲು ಗಂಟೆ ಇಟ್ಟುಕೊಳ್ಳಿ. ಅಲ್ಲಿಂದ ನರಿತಾ ಎಕ್ಸ್‌ಪ್ರೆಸ್ ರೈಲು ಟೋಕಿಯೊ ಸ್ಟೇಷನ್‌ಗೆ ಒಂದು ಗಂಟೆಯೊಳಗೆ ಮುಟ್ಟಿಸುತ್ತದೆ. ಕೇಸೆ ಸ್ಕೈಲೈನರ್ ರೈಲು ಟೋಕಿಯೊದ ನಿಪ್ಪೊರಿ ಸ್ಟೇಷನ್‌ಗೆ 40 ನಿಮಿಷದೊಳಗೆ. ಭಾರತೀಯರು ಬಹಳ ಜನ ಇರುವ ನಿಶಿ ಕಸಾಯ್‌ಗೆ ಹೋಗುವವರು ಕೊನೆಗೆ ತೊಜಾಯ್ ಮೆಟ್ರೊ ಮಾರ್ಗ ಹಿಡಿಯಬೇಕು. ರೈಲಿಗೆ ಕಾಯುವುದು, ಬದಲಿಸುವುದು ಎಲ್ಲ ಸೇರಿ ಒಂದೂವರೆ ಗಂಟೆ.

ಒಟ್ಟು ಸುಮಾರು 16 ಗಂಟೆ. ಜಯನಗರದಲ್ಲಿ ರಾತ್ರಿ 9:30ಕ್ಕೆ ಬೀಗ ಹಾಕಿದವರು ಮರುದಿನ ಸಂಜೆ 5ಕ್ಕೆ, ಜಪಾನಿನ ಗಡಿಯಾರದಲ್ಲಿ, ಮನೆ ತಲುಪುತ್ತಾರೆ.

ನಿದ್ದೆಯ ಲೆಕ್ಕವನ್ನೂ ಹಾಕಿಕೊಳ್ಳಿ. 2:30ಕ್ಕೆ ಹೊರಟ ವಿಮಾನ ಸೂರ್ಯನಿಗೆ ಎದುರಾಗಿ ಪೂರ್ವಕ್ಕೆ ಓಡುತ್ತದೆ. ರಾತ್ರಿ ಅರ್ಧಕ್ಕೇ ಮುಗಿಯುತ್ತದೆ. ಹೊರಟ ಎರಡೂವರೆ, ಮೂರು ಗಂಟೆಯಲ್ಲೇ ಕಿಟಕಿಯಾಚೆ ಬೆಳಕು ಹರಿಯುತ್ತದೆ. ಹತ್ತಿದ ಕೂಡಲೇ ಸಿನಿಮಾ ಹಚ್ಚಿಕೊಂಡು ಕೂತರೆ ನಿದ್ದೆ ಹೋದ ಹಾಗೇ. 787ರ ಕಿಟಕಿಗೆ ಎಳೆಯುವ ಮುಚ್ಚಳ ಇರುವುದಿಲ್ಲ. ಕೆಳಗಿನ ಬಟನ್ ಒತ್ತಿದರೆ ಗಾಜೇ ನಿಧಾನವಾಗಿ ಕಡುನೀಲಿಗೆ ತಿರುಗುತ್ತದೆ. ಮಲಗುವ ಮೊದಲೇ ಅದನ್ನು ಒತ್ತಿಬಿಡಿ.

ಯಾವ ತಿಂಗಳಲ್ಲಿ ಹೋಗುತ್ತಿದ್ದೀರಿ ಅನ್ನುವುದನ್ನೂ ಗಮನಿಸಿ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ಸೆಪ್ಟೆಂಬರಿನಲ್ಲಿ ಟಿಕೆಟ್ ಮಾಡಿಸಿ ನವೆಂಬರಿನಲ್ಲಿ ಹೋಗುವವರು ನಡುವೆ ಒಮ್ಮೆ ಸಮಯ ನೋಡಿಕೊಳ್ಳಿ. ಆಗಸ್ಟ್, ಸೆಪ್ಟೆಂಬರ್ ಜಪಾನಿಗೆ ಚಂಡಮಾರುತದ ತಿಂಗಳುಗಳು, ಆಗ ಇಳಿದ ದಿನವೇ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ.

ಬರುವ ದಿನ ಕರೆದುಕೊಂಡು ಹೋಗಲು ಬರುವವರಿಗೆ ಸಮಯ ಹೇಳುವಾಗ ಬರೀ ತಾರೀಖು ಹೇಳಬೇಡಿ. ವಿಮಾನ ಶನಿವಾರ ಸಂಜೆ 6ಕ್ಕೆ ನರಿತಾ ಬಿಟ್ಟು ರಾತ್ರಿ 12:20ಕ್ಕೆ ದೇವನಹಳ್ಳಿಯಲ್ಲಿ ಇಳಿದರೆ ಆಗ ಭಾನುವಾರ ಶುರುವಾಗಿ 20 ನಿಮಿಷ ಆಗಿರುತ್ತದೆ. "ಭಾನುವಾರ ಹನ್ನೆರಡೂಕಾಲಿಗೆ" ಅಂದರೆ ಅಣ್ಣ ಭಾನುವಾರ ಮಧ್ಯಾಹ್ನ ಬಂದು ನಿಲ್ಲುತ್ತಾನೆ. "ಶನಿವಾರ ರಾತ್ರಿ ಊಟ ಮುಗಿಸಿಕೊಂಡು ಹನ್ನೊಂದೂವರೆಗೆ ಹೊರಡು, ನಾನು ಹೊರಗೆ ಬರುವಷ್ಟರಲ್ಲಿ ಒಂದೂಕಾಲು ಆಗುತ್ತೆ" ಅಂತ ಕಳಿಸಿ. ಜೊತೆಗೆ ವಿಮಾನದ ನಂಬರ್ ಕೊಡಿ. ಎದುರುಗಾಳಿ ಜೋರಿದ್ದು ತಡವಾದರೆ ಅವನು ಮನೆಯಲ್ಲೇ ಫೋನ್ ನೋಡಿ ಅರ್ಧ ಗಂಟೆ ಬಿಟ್ಟು ಹೊರಡಬಹುದು.